ಆಲದ ಮರದ ಹುಲ್ಲಿನ ಗಂಟು

ನಮ್ಮ ಹಂಗಳದ ಕಡೆ ಹಸು ಕರು ಹಾಕಿದರೆ ಕರುವಿನ ಹಿಂದೆ ಬೀಳುವ ಮಾಸನ್ನು ನಾಯಿ ಬಾಯಿಗೆ ಬಿಡುವುದಿಲ್ಲ. ಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಆಲದ ಕೊಂಬೆಗೆ ಕಟ್ಟುತ್ತಾರೆ. ಹಾಲು ಸುರಿಯುವ ಮರ, ಹಾಗಾಗಿ ಹಸುವಿಗೂ ಹಾಲು ಇಳಿಯುತ್ತದೆ ಅಂತ. ಇಳಿಯುತ್ತದೋ ಬಿಡುತ್ತದೋ ನನಗೇನು ಗೊತ್ತು? ನಾನು ಗುಂಡ್ಲುಪೇಟೆ ಊಟಿ ಬಸ್ಸಿನಲ್ಲಿ ಟಿಕೆಟ್ ಹರಿದು ಮಂಡಿ ಸವೆಸಿಕೊಂಡ ಕಂಡಕ್ಟರ್ ಗುರುಮಲ್ಲಯ್ಯ. ಕೊಟ್ಟಿಗೆಯ ಕೆಲಸವೆಲ್ಲ ನನ್ನ ಹೆಂಡತಿ ಶಿವಮ್ಮನದು. ಊರಲ್ಲಿ ಯಾರ ಹಸು ಕರು ಹಾಕಲು ತಿಣುಕಿದರೂ ಅವಳಿಗೇ ಕರೆ ಬರುತ್ತಿತ್ತು. ಮೊಣಕೈವರೆಗೆ ಹರಳೆಣ್ಣೆ ಬಳಿದು ಕೈ ಹಾಕಿದಳೆಂದರೆ ಕರು ಹೊರಗೆ. ಕೈಗುಣ ಒಳ್ಳೆಯದು ಅಂತ ಹೆಸರು. ಆ ಹೆಸರೇ ಅವಳನ್ನು ಮಲಗಿಸಿತು.

ಹೋದ ವರ್ಷ ನಮ್ಮ ಸೀಮೆ ಹಸು ಚುಕ್ಕಿ ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರು ಬಿತ್ತು, ಮಾಸು ಬೀಳಲಿಲ್ಲ. ಶಿವಮ್ಮ ಬರಿಗೈಯಲ್ಲಿ ಬಿಡಿಸಿ ತೆಗೆದು, ತಾನೇ ಹುಲ್ಲಿನಲ್ಲಿ ಸುತ್ತಿ ಮರಕ್ಕೆ ಕಟ್ಟಿ ಬಂದಳು.

ಆಮೇಲೆ ಅವಳಿಗೆ ಜ್ವರ ಹಿಡಿಯಿತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆ ಬರುತ್ತಿತ್ತು. ಬೆವರಿ ಸೀರೆ ಒದ್ದೆ, ಸೊಂಟ ಎತ್ತಲಾಗದು, ಮುದ್ದೆ ತಿರುವಲು ಕೈಯಲ್ಲಿ ಬಲವಿಲ್ಲ. ಒಬ್ಬರು ಟೈಫಾಯ್ಡ್ ಅಂದರು, ಇನ್ನೊಬ್ಬರು ವಯಸ್ಸಾಯಿತು ಅಂದರು, ಮತ್ತೊಬ್ಬರು ಸೊಂಟದ ಎಕ್ಸ್‌ರೇ ತೆಗೆಸಿದರು. ಎಲ್ಲರೂ ನಾಲಿಗೆ ನೋಡಿದರೇ ಹೊರತು ಕೊಟ್ಟಿಗೆಯ ಸುದ್ದಿ ಕೇಳಲಿಲ್ಲ. ನಾವೂ ಹೇಳಲಿಲ್ಲ. ತಮ್ಮ ಜ್ವರಕ್ಕೆ ಆಸ್ಪತ್ರೆಗೆ ಹೋದವರು ಹಸುವಿನ ಕಥೆ ಯಾಕೆ ಬಿಚ್ಚುತ್ತಾರೆ?

ಕೊನೆಗೆ ಚಾಮರಾಜನಗರದಲ್ಲಿ ಭವ್ಯ ಅನ್ನುವ ಡಾಕ್ಟರಮ್ಮ ಸಿಕ್ಕಿದರು. ನಮ್ಮ ಮೊಮ್ಮಗಳ ವಯಸ್ಸು. ಮನೆಯಲ್ಲಿ ದನ ಇದೆಯಾ, ಈಚೆಗೆ ಕಂದು ಹಾಕಿತ್ತಾ ಅಂತ ಕೇಳಿದರು. ಶಿವಮ್ಮನ ರಕ್ತ ತೆಗೆಸಿ, ನಮ್ಮ ಕಡೆಯ ಪಶು ಡಾಕ್ಟರ್ ಕಿರಣ್ ಕುಮಾರ್‌ಗೆ ತಾವೇ ಫೋನ್ ಮಾಡಿ ಹಸುವಿನ ರಕ್ತವನ್ನೂ ತೆಗೆಸಿದರು. ಎರಡರಲ್ಲೂ ಒಂದೇ ರೋಗ. ಬ್ರೂಸೆಲ್ಲಾ ಅಂತೆ. ಹಸುವಿಗೆ ಬಂದರೆ ಕಂದು ಹಾಕುತ್ತದೆ, ಆ ಮಾಸು ಮುಟ್ಟಿದವರಿಗೆ ಜ್ವರ. ಮನುಷ್ಯರಿಗೆ ವಾರಗಟ್ಟಲೆ ನುಂಗುವ ಮಾತ್ರೆ ಇದೆ, ಹಸುವಿಗೆ ವಾಸಿಯಿಲ್ಲ. ಅಷ್ಟರಲ್ಲಿ ಚುಕ್ಕಿ ಮತ್ತೆ ಗಬ್ಬವಾಗಿತ್ತು.

ಒಂದು ದಿನ ಆ ಇಬ್ಬರು ಡಾಕ್ಟರೂ, ಜೊತೆಗೆ ಫಾರೆಸ್ಟ್ ಗಾರ್ಡ್ ಸೋಮೇಶನೂ ಒಂದೇ ಜೀಪಿನಲ್ಲಿ ಬಂದು ಆಲದ ಮರದ ಕೆಳಗೆ ಇಳಿದರು. ಡಾಕ್ಟರಮ್ಮ ಶಿವಮ್ಮನ ಅಂಗೈ ನೋಡಿದರು. ಕಿರಣ್ ಹಸುವಿನ ಬೆನ್ನು ನೋಡಿದರು. ಸೋಮೇಶ ಮೇಲೆ ಕೊಂಬೆಯಲ್ಲಿ ಗಂಟು ಕೀಳುತ್ತಿದ್ದ ಕೋತಿ ನೋಡಿದ. ಆಮೇಲೆ ಶುರುವಾಯಿತು. ಹಸು ಮನೆಯ ಹತ್ತಿರ ಇರಬಾರದು, ಇನ್ನೊಂದು ಸಲ ಮುಟ್ಟಿದರೆ ಜ್ವರ ಮರಳಬಹುದು ಅಂದರು ಡಾಕ್ಟರಮ್ಮ. ಹಾಗಂತ ಮಾರಬೇಡಿ, ಇನ್ನೊಂದು ಕೊಟ್ಟಿಗೆಗೆ ರೋಗ ಹೋಗುತ್ತದೆ ಅಂದರು ಕಿರಣ್. ಮುದಿ ದನವನ್ನು ಬಂಡೀಪುರದ ಅಂಚಿಗೆ ಹೊಡೆದು ಬಿಡುವುದು ನಮ್ಮ ಕಡೆ ಇದ್ದದ್ದೇ, ಅದನ್ನೂ ಮಾಡಬೇಡಿ, ಕಾಡೆಮ್ಮೆಗೆ ಅಂಟುತ್ತದೆ ಅಂದ ಸೋಮೇಶ. ಮೂವರ ಮಾತೂ ನಿಜವೇ. ಬಂದ ಜೀಪು ಒಂದು, ಬಾಯಿ ಮೂರು ಇಲಾಖೆಯದು.

ನನಗೆ ಸಾಕಾಗಿ ಹೋಯಿತು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಕೂತು ಬೆನ್ನು ಚಪ್ಪಟೆಯಾಗಿತ್ತು.

"ಬ್ಯಾಡ ಅನ್ನದ್ನ ಮೂರು ಜನನೂ ಏಳುದ್ರಿ ಸ್ವಾಮಿ," ಅಂದೆ. "ಮಾಡ್ಬೇಕಾದ್ದ ಯಾರ್ ಏಳೀರಿ? ಅಸನ ನನ್ ಎಗಲ್ ಮ್ಯಾಲೆ ಕೂರುಸ್ಕಳ್ಳದಾ?"

ಡಾಕ್ಟರಮ್ಮನಿಗೆ ನಗು ಬಂತು. ಉಳಿದಿಬ್ಬರಿಗೆ ಬರಲಿಲ್ಲ. ಆದರೆ ಮೂವರೂ ಮರದ ಕಟ್ಟೆಯ ಮೇಲೆ ಕೂತರು. ಅಲ್ಲಿವರೆಗೆ ನಿಂತೇ ಮಾತಾಡುತ್ತಿದ್ದರು.

ಅವರು ಬರುವ ಮೊದಲು ಇನ್ನೊಂದು ದಾರಿಯೂ ಇತ್ತು, ಅದನ್ನು ಅವರ ಮುಂದೆ ಹೇಳದೆ ಬಿಟ್ಟೆ. ತೆರಕಣಾಂಬಿ ಸಂತೆಯಲ್ಲಿ ದನದ ದಲ್ಲಾಳಿಯೊಬ್ಬ, ಗಡಿ ಆಚೆ ದಾಟಿಸಿಬಿಡುತ್ತೇನೆ, ಯಾರೂ ಕೇಳುವುದಿಲ್ಲ ಅಂದಿದ್ದ. ನಾನು ಒಪ್ಪಿಕೊಂಡೇ ಬಂದು ಮನೆಯಲ್ಲಿ ಹೇಳಿದ್ದೆ. ಶಿವಮ್ಮ ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಲಿಲ್ಲ.

"ಅಲ್ಲೂ ಒಬ್ಳು ಎಂಗ್ಸು ಕೈ ಆಕ್ತಾಳೆ ಕಣ್ರಿ," ಅಂದಳು.

ಅಲ್ಲಿಗೆ ಆ ಮಾತು ಮುಗಿಯಿತು.

ಕಟ್ಟೆಯ ಮೇಲೆ ಕೂತವರು ತೀರ್ಮಾನ ಮಾಡಿದ್ದು ಇಷ್ಟು. ಊರಾಚೆ ನಮ್ಮ ಹೊಲದ ಪಂಪ್‌ಹೌಸ್ ಪಕ್ಕ ಚುಕ್ಕಿ ಒಂಟಿಯಾಗಿ ಇರಬೇಕು. ಸುತ್ತ ಬೇಲಿಗೆ ಕಾಡಿನಿಂದ ಕಿತ್ತ ಲಂಟಾನ ಕಡ್ಡಿ ಕೊಡಿಸುವುದು ಸೋಮೇಶನ ಜವಾಬ್ದಾರಿ. ಮಾಸು ಹೂಳುವ ಗುಂಡಿಗೆ ಸುಣ್ಣ ಕಿರಣ್‌ದು. ಗ್ಲೌಸು, ಮಾಸ್ಕು ಡಾಕ್ಟರಮ್ಮನದು. ಮರದ ಗಂಟುಗಳನ್ನೆಲ್ಲ ಇಳಿಸಿ ಸುಟ್ಟರು. ದುಡಿಯುವ ಮೈ ಯಾರದು ಅಂತ ಕೇಳಲೇ ಇಲ್ಲ, ನಾನು ಎದುರಿಗೇ ಕೂತಿದ್ದೆನಲ್ಲ. ಕರು ಹಾಕುವಾಗಲೇ ಹೆಚ್ಚು ಅಪಾಯ, ಫೋನ್ ಮಾಡಿ, ನಾನೇ ಬರುತ್ತೇನೆ ಅಂದರು ಕಿರಣ್.

ಅಲ್ಲಿಂದ ದಿನಾ ಹುಲ್ಲು ಹೊತ್ತು ಹೋಗುವುದು, ಸಗಣಿ ಎತ್ತುವುದು, ಬಂದು ಸೋಪು ಹಾಕಿ ಮೈ ಉಜ್ಜುವುದು ನನ್ನ ಪಾಲಿಗೆ ಬಂತು. ಶಿವಮ್ಮ ಮಾತ್ರೆ ಮುಗಿಸಿದಳು, ಜ್ವರ ಬಿಟ್ಟಿತು. ಯಾರಾದರೂ ಹಸುವಿಗೆ ಅಂತ ಕರೆಯಲು ಬಂದರೆ ಒಳಗಿನಿಂದಲೇ ಇಲ್ಲ ಅನ್ನುತ್ತಿದ್ದಳು. ಆಮೇಲಾಮೇಲೆ ಕರೆಯುವವರೂ ನಿಂತರು.

ಚುಕ್ಕಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಕಿರಣ್‌ಗೆ ಫೋನ್ ಮಾಡಿದೆ. ಅವರು ಬೇಗೂರಿನ ಆಚೆ ಕಾಲುಬಾಯಿ ಲಸಿಕೆ ಹಾಕುತ್ತಿದ್ದರು, ಈಗಲೇ ಹೊರಟೆ ಅಂದರು. ಹಸು ಅವರಿಗೆ ಕಾಯುವ ಹಾಗಿರಲಿಲ್ಲ. ಗ್ಲೌಸು, ಮಾಸ್ಕು ಹಾಕಿಕೊಂಡು ನಿಂತೆ. ಕರುವಿನ ಒಂದೇ ಕಾಲು ಹೊರಗೆ ಬಂದಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಹೊರಗಿದ್ದ ಕಾಲನ್ನೇ ಹಿಡಿದು ಎಳೆಯಲು ಹೋದೆ.

ಬೇಲಿಯಾಚೆ ಬದುವಿನ ಮೇಲೆ ಶಿವಮ್ಮ ನಿಂತಿದ್ದಳು. ಯಾವಾಗ ಬಂದಳೋ. ಸೆರಗಿನ ಕೆಳಗೆ ಎರಡೂ ಕೈ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಒಳಗೆ ಬರುತ್ತಾಳೆ ಅಂತಲೇ ನನಗೆ ಭಯವಾಯಿತು. ಬಂದಿದ್ದರೆ ತಡೆಯುವ ಶಕ್ತಿಯೂ ನನಗಿರಲಿಲ್ಲ, ಮನಸ್ಸೂ ಇರಲಿಲ್ಲ.

"ಎಳೀಬ್ಯಾಡಿ," ಅಂದಳು. "ನೋವ್ ಬುಡಗಂಟ ತಡ್ಕಳಿ. ಬುಟ್ಟಾಗ ಕರುನ ಒಳೀಕೆ ತಳ್ಳಿ."

"ಒಳೀಕಾ?"

"ಉಂಕಣ್ರಿ. ಜಾಗ ಆಯ್ತದೆ. ಆಮ್ಯಾಕೆ ಆ ಕಾಲ ಉಡುಕಿ. ಗೊರಸ ಅಂಗೈಲಿ ಮುಚ್ಕಳಿ, ಇಲ್ದಿದ್ರೆ ಒಳಗ್ ಅರೀತದೆ."

ತಳ್ಳಿದೆ, ಹುಡುಕಿದೆ, ಮುಚ್ಚಿಕೊಂಡೆ. ಮಂಡಿ ಕೆಸರಿನಲ್ಲಿ ಹೂತಿತ್ತು. ಅವಳು ಅಲ್ಲಿಂದಲೇ ಬಲಕ್ಕೆ, ಎಡಕ್ಕೆ, ಮೆಲ್ಲಕೆ ಅಂತ ಹೇಳುತ್ತಲೇ ಇದ್ದಳು. ಹೇಳುವಾಗ ಸೆರಗಿನ ಕೆಳಗೆ ಅವಳ ಕೈ ತಿರುಗುತ್ತಿದ್ದುದು ನನಗೆ ಕಾಣುತ್ತಿತ್ತು. ಕೊನೆಗೆ ಎರಡೂ ಕಾಲು ಬಂದವು, ಮೂತಿ ಬಂತು, ಕರು ಜಾರಿ ನೆಲಕ್ಕೆ ಬಿತ್ತು. ಉಸಿರಾಡಿತು.

ಮಾಸು ತಾನೇ ಬೀಳಲು ತುಂಬಾ ಹೊತ್ತು ಹಿಡಿಯಿತು. ಇಬ್ಬರೂ ಕಾದೆವು, ನಾನು ಒಳಗೆ, ಅವಳು ಬದುವಿನ ಮೇಲೆ. ಅದು ಬಿದ್ದ ಕೂಡಲೇ ನನ್ನ ಕೈ ಅಭ್ಯಾಸಬಲದಿಂದ ಹುಲ್ಲಿನ ಕಡೆ ಹೋಯಿತು.

"ಉಲ್ಲ ಯಾಕ್ ಎತ್ಕಂಡ್ರಿ?" ಅಂದಳು. "ಗುಂಡಿಗ್ ಆಕಿ. ಸುಣ್ಣ ಸುರ್ದು ಮ್ಯಾಲೊಂದ್ ಕಲ್ಲ್ ಏರಿ."

ಹೇಳಿದ ಹಾಗೇ ಮಾಡಿದೆ. ಕಿರಣ್ ದಾರಿಯಿಂದ ಫೋನ್ ಮಾಡಿ, ಕರುವಿನ ರಕ್ತ ನೋಡುವವರೆಗೆ ಅದನ್ನೂ ಬರಿಗೈಲಿ ಯಾರೂ ಮುಟ್ಟಬೇಡಿ ಅಂದರು. ಗ್ಲೌಸು ಸುಟ್ಟು, ಡೆಟಾಲ್ ನೀರಲ್ಲಿ ಕೈ ಅದ್ದಿ, ಬೇಲಿ ಬಾಗಿಲು ಬಿಗಿದು ಹೊರಗೆ ಬಂದೆ. ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಇನ್ನೂ ಸ್ನಾನ ಆಗಿಲ್ಲವಲ್ಲ, ಶಿವಮ್ಮ ನನ್ನಿಂದ ದೂರವಾಗಿಯೇ ಹಿಂದೆ ನಡೆದು ಬಂದಳು. ಅರ್ಧ ಹೊಲ ದಾಟಿದ ಮೇಲೆ ಕೇಳಿದಳು.

"ಎಣ್ಣಾ, ಗಂಡಾ?"

ನಾನು ನೋಡಿರಲೇ ಇಲ್ಲ. ಅವಳು ಅಲ್ಲೇ ಬದುವಿನ ಮೇಲೆ ಕೂತಳು. ನಾನು ಮಂಡಿ ಹಿಡಿದುಕೊಂಡು, ನೋಡಿ ಬರಲು ಮತ್ತೆ ಬೇಲಿ ಕಡೆ ತಿರುಗಿದೆ.