ಮನೆಯೊಡತಿಯ ದೃಶ್ಯ

ಸಂಕಲನಕಾರ್ತಿಯನ್ನು ಸಿನಿಮಾದವರು ಬಾಯ್ತುಂಬ ‘ಕತ್ತರಿ’ ಎಂದೇ ಕರೆಯುತ್ತಿದ್ದರು. ದೊಡ್ಡ ಕಂಪನಿಗಳ ಕೆಲಸ ಅವಳ ಬಾಗಿಲಿಗೆ ಬಂದದ್ದು ಕಡಿಮೆ. ಬಂದರೂ ಅವಳು ಒಪ್ಪಿದ್ದು ಇನ್ನೂ ಕಡಿಮೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದ ದೆವ್ವದ ಹಾಸ್ಯ, ಕಲ್ಲುಗಣಿಯ ಕೆಲಸಗಾರರ ಸಾಕ್ಷ್ಯಚಿತ್ರ, ಒಂದೂ ಮಾತಿಲ್ಲದ ಲಾಂಡ್ರಿ ಅಂಗಡಿಯ ಕಥೆ, ಮುದಿ ಕುಸ್ತಿಪಟುಗಳ ಜಗಳ. ಒಂದಕ್ಕೂ ಇನ್ನೊಂದಕ್ಕೂ ತಲೆಬುಡ ಹೊಂದುತ್ತಿರಲಿಲ್ಲ. ಅವೆಲ್ಲ ಕೈಯಲ್ಲಿ ಕಾಸಿಲ್ಲದೆ ಯಾರದೋ ನೆಂಟರ ಮನೆಯಲ್ಲಿ, ಯಾರದೋ ತಾಯಿಯ ಅಡುಗೆ ಉಂಡು ಮುಗಿದ ಚಿತ್ರಗಳು, ಅಷ್ಟೇ.

ಹೀಗಿರುವಾಗ ಒಂದು ಚಿತ್ರಸಂಘದವರು ಅವಳು ಸಂಕಲಿಸಿದ ಚಿತ್ರಗಳನ್ನೇ ಆರಿಸಿ ವಾರಾಂತ್ಯವಿಡೀ ತೋರಿಸುವುದಾಗಿ ಹೇಳಿದರು. ನಿರ್ದೇಶಕರಿಗೆ ಇಂಥ ಗೌರವ ಸಿಗುತ್ತದೆ. ಕತ್ತಲ ಕೋಣೆಯಲ್ಲಿ ಕೂತು ಕತ್ತರಿಸುವವರಿಗೆ ಯಾರು ಮಾಡುತ್ತಾರೆ? ಗೆಳೆಯರೆಲ್ಲ ಹಿಗ್ಗಿದರು. ಅವಳೂ ಹಿಗ್ಗಿದಳು, ಅಕ್ಕನ ಫೋನು ಬರುವವರೆಗೆ.

“ನಾವಿಬ್ರೂ ಬರ್ತಿದೀವಿ ಕಣೇ,” ಎಂದಳು ಅಕ್ಕ. “ನಿನ್ನ ಭಾವ ಹೊಸ ಅಂಗಿ ಬೇರೆ ತಗೊಂಡಿದಾರೆ. ಆ ಗಡ್ಡದವನೂ ಬರ್ತಾನಂತಲ್ಲ? ಬರ್ಲಿ. ಒಂದು ಮಾತು ಕೇಳೋದಿದೆ ಅವನ್ನ.”



ಗಡ್ಡದವನು ಎಂದರೆ ಬಾಡಿಗೆದಾರನೊಬ್ಬನ ಕಥೆಯನ್ನು ಚಿತ್ರ ಮಾಡಿದ ನಿರ್ದೇಶಕ. ವರ್ಷಗಳ ಹಿಂದೆ ಆ ಚಿತ್ರ ತಯಾರಾದದ್ದು ಅಕ್ಕನ ಮನೆಯಲ್ಲೇ. ಲೈಟುಗಳಿಗಾಗಿ ಹಾಲಿನ ಸೋಫಾ ವರಾಂಡಕ್ಕೆ ಹೋಯಿತು, ಭಾವನ ಹಾಸಿಗೆ ಟೆರೇಸಿಗೆ ಹೋಯಿತು. ಅಕ್ಕ ಇಡೀ ತಂಡಕ್ಕೆ ಅಡುಗೆ ಮಾಡಿದಳು. ಮಹಡಿಯ ಕೋಣೆಯಲ್ಲಿ ತಂಗಿ ಕಂಪ್ಯೂಟರ್ ಹೂಡಿಕೊಂಡು, ಅಂದಂದಿನ ದೃಶ್ಯಗಳನ್ನು ಅಂದಂದೇ ಜೋಡಿಸುತ್ತಿದ್ದಳು. ಹಾಲಿಗೆ ಅಂಟಿಕೊಂಡ ಕೋಣೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳ ಕೆಮ್ಮು ಮೈಕಿಗೆ ಬೀಳಬಾರದೆಂದು ಶೂಟಿಂಗ್ ಹೊತ್ತಿನಲ್ಲಿ ಆ ಬಾಗಿಲು ಹಾಕಿಡಿ ಎಂದು ಹೇಳಿದವಳು ಸಂಕಲನಕಾರ್ತಿಯೇ.

ಮನೆಯೊಡತಿಯ ಪಾತ್ರಕ್ಕೆ ಗೊತ್ತಾಗಿದ್ದ ನಟಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಳು. ಗಡ್ಡ ಅತ್ತಿತ್ತ ನೋಡಿ, ಸೌಟು ಹಿಡಿದು ನಿಂತಿದ್ದ ಅಕ್ಕನಿಗೆ ಕೈಮುಗಿದ. “ಅಕ್ಕ, ನೀವೇ ಮಾಡಿಬಿಡಿ. ಮನೆ ಖಾಲಿ ಮಾಡು ಅಂತ ಬಾಡಿಗೆಯವನಿಗೆ ಹೇಳ್ಬೇಕು, ಅಷ್ಟೇ. ಮಾತು ನಿಮ್ಮದೇ, ಬಾಯಿಗೆ ಬಂದಿದ್ದು ಹೇಳಿ.”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ಮೊದಲು ತಡವರಿಸಿದಳು. ಆಮೇಲೆ ಬಾಡಿಗೆದಾರನ ಮುಖವನ್ನೇ ನೋಡುತ್ತಾ ಶುರುಮಾಡಿದವಳು ನಿಲ್ಲಲಿಲ್ಲ. “ಬರ್ತೀಯ, ಉಣ್ತೀಯ, ಮೇಲೆ ಹೋಗಿ ಬಾಗಿಲು ಹಾಕ್ಕೋತೀಯ. ಈ ಮನೇಲಿ ಇನ್ಯಾರಿದಾರೆ ಅಂತ ಗೊತ್ತಾ ನಿಂಗೆ? ಅಮ್ಮ ರಾತ್ರಿ ನಿದ್ದೆ ಮಾಡಿದ್ಲಾ ಅಂತ ಒಂದಿನ ಕೇಳಿದೀಯಾ?”

ತಂಡದವರು ಮೈಮರೆತು ನೋಡಿದರು, ಕಟ್ ಎಂದ ಮೇಲೆ ಚಪ್ಪಾಳೆ ತಟ್ಟಿದರು. ಕಥೆಯ ಮನೆಯೊಡತಿಗೆ ಅಮ್ಮ ಅನ್ನುವವಳೇ ಇರಲಿಲ್ಲ. ಅಕ್ಕನಿಗೂ ಆ ಮಾತು ಹೇಗೆ ಬಂತೋ ತಿಳಿದಂತಿರಲಿಲ್ಲ. ನಾಚಿಕೊಂಡು ಒಳಗೆ ಓಡಿದಳು. ಸಂಜೆ ಮಹಡಿಯಲ್ಲಿ ಕೂತು ಆ ದೃಶ್ಯ ನೋಡಿದ ತಂಗಿಗೆ ಮಾತ್ರ ಅದು ತನಗೇ ಹೇಳಿದ ಮಾತೆಂದು ತಾಕಿತು. ಮತ್ತೆ ಹಾಕಿ ನೋಡುವ ಧೈರ್ಯವಾಗಲಿಲ್ಲ. ಮರುದಿನವೇ ಅದನ್ನು ತೆಗೆದುಹಾಕಿದಳು.

ಗಡ್ಡ ಹಟ ಹಿಡಿದ. “ಕತ್ತರಿ, ಇಡೀ ಚಿತ್ರದಲ್ಲಿ ಜೀವ ಇರೋದೇ ಅಲ್ಲಿ!”

“ಆ ಅಮ್ಮ ಎಲ್ಲಿಂದ ಬಂದ್ಲು ಅಂತ ಜನ ಕೇಳ್ತಾರೆ. ಅದೂ ಅಲ್ದೆ ಕಥೆಯ ಓಟ ನಿಂತುಹೋಗುತ್ತೆ,” ಎಂದಳು ಅವಳು. ತಪ್ಪೆನ್ನಲಾಗದ ಕಾರಣ. ಗಡ್ಡ ಸೋತ. ಮುಂದೆ ಚಿತ್ರ ನೋಡಿದವರು ಬಿಗಿಯಾದ ಸಂಕಲನ ಎಂದು ಅವಳನ್ನು ಹೊಗಳಿದರು.

ನೆರೆಹೊರೆಯವರಿಗೆಲ್ಲ ಹೇಳಿ, ಅವರನ್ನೂ ಚಿತ್ರಕ್ಕೆ ಕರೆದುಕೊಂಡು ಹೋದ ಅಕ್ಕ, ತೆರೆಯ ಮೇಲೆ ತನ್ನ ಸೋಫಾ ಕಂಡಳು, ತನ್ನ ಪರದೆ ಕಂಡಳು, ತನ್ನನ್ನು ಕಾಣಲಿಲ್ಲ. “ಯಾಕೇ ತೆಗೆದ್ರು?” ಎಂದು ಕೇಳಿದಾಗ ತಂಗಿಯ ನಾಲಿಗೆ ಸಲೀಸಾಗಿ ಹೊರಳಿತು: “ನಿರ್ದೇಶಕರು ಬೇಡ ಅಂದ್ರು ಅಕ್ಕ. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ.”

ಅಂದಿನಿಂದ ಆ ಮನೆಯಲ್ಲಿ ಗಡ್ಡದ ಹೆಸರೆತ್ತಿದರೆ ಸಾಕು, ಅಕ್ಕ ಹರಿಹಾಯುತ್ತಿದ್ದಳು. ಅಮ್ಮ ತೀರಿಕೊಂಡಾಗ ಮಾತಾಡಿಸಲು ಬಂದವನನ್ನು ಗೇಟಿನಲ್ಲೇ ನಿಲ್ಲಿಸಿ ಕಳಿಸಿದ್ದಳು. ಅವನು ಏನೂ ತಿಳಿಯದೆ ಬಸ್‌ಸ್ಟಾಪಿನ ಕಡೆ ನಡೆದುಹೋದದ್ದನ್ನು ತಂಗಿ ಕಿಟಕಿಯಿಂದ ನೋಡಿದ್ದಳು. ಕರೆಯಬಹುದಿತ್ತು. ಕರೆದಿರಲಿಲ್ಲ.

ಪ್ರದರ್ಶನದ ಮೊದಲ ದಿನ ದೆವ್ವದ ಹಾಸ್ಯಕ್ಕೆ ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಾಂಡ್ರಿಯ ಕಥೆಗೆ ನಿದ್ದೆಹೋದರು. ಮಾರನೇ ದಿನ ಬಾಡಿಗೆದಾರನ ಚಿತ್ರ ಮುಗಿದು ಎಲ್ಲರೂ ಹೊರಗಿನ ಹಜಾರದಲ್ಲಿ ಟೀ ಹಿಡಿದು ನಿಂತಿದ್ದಾಗ ಅಕ್ಕ ನೇರ ಗಡ್ಡದ ಮುಂದೆ ಹೋಗಿ ನಿಂತಳು. ಆ ಗಡ್ಡ ಈಗ ಪೂರ್ತಿ ಬೆಳ್ಳಗಾಗಿತ್ತು.

“ನನ್ನ ಕೈಯಡುಗೆ ರುಚಿಯಾಗಿತ್ತು. ನನ್ನ ಮುಖ ಮಾತ್ರ ಬೇಡವಾಯ್ತು, ಅಲ್ವಾ?”

ಅಕ್ಕನ ಹೆಗಲ ಆಚೆ ಸಂಕಲನಕಾರ್ತಿ ನಿಂತಿದ್ದಳು. ಅವನ ಕಣ್ಣು ಒಂದು ಕ್ಷಣ ಅವಳ ಮೇಲೆ ನಿಂತಿತು. ಗೇಟಿನಲ್ಲಿ ನಿಂತ ಆ ದಿನದ ಅರ್ಥ ಅವನಿಗೆ ಆಗಲೇ ಹೊಳೆದಿರಬೇಕು. ಅವಳು ಬಾಯಿ ತೆರೆಯಲಿ ಎಂದು ಕಾದನೋ ಏನೋ. ಅವಳು ಟೀ ಲೋಟ ನೋಡುತ್ತಿದ್ದಳು.

“ತಪ್ಪಾಯ್ತು ಅಕ್ಕ,” ಎಂದ ಅವನು. “ಆಗ ನನಗೆ ಅಷ್ಟು ಬುದ್ಧಿ ಇರ್ಲಿಲ್ಲ.”

ಜಗಳಕ್ಕೆ ಸೊಂಟಕಟ್ಟಿ ಬಂದ ಅಕ್ಕ ಕರಗಿಹೋದಳು. “ಹೋಗ್ಲಿ ಬಿಡಿ, ಹಳೇ ಮಾತು,” ಎಂದು ಅವನ ಮಕ್ಕಳ ಬಗ್ಗೆ ವಿಚಾರಿಸತೊಡಗಿದಳು. ಸುತ್ತಲಿದ್ದವರು ನಕ್ಕರು. ಎಲ್ಲ ಸುಖವಾಗಿ ಮುಗಿಯಿತೆಂಬಂತಿತ್ತು. ಆದರೆ ಸಂಕಲನಕಾರ್ತಿ ಅರ್ಧ ಕುಡಿದ ಲೋಟ ಕೆಳಗಿಟ್ಟಳು. ಸುಳ್ಳು ಹೇಳಿದ್ದು ಒಂದು ಸಲ. ಈಗ ತನ್ನೆದುರೇ ಇನ್ನೊಬ್ಬ ಅದನ್ನು ತಲೆಮೇಲೆ ಹೊತ್ತುಕೊಂಡಿದ್ದ.

ಸಂಜೆ ಅವಳಿಗೆ ಸನ್ಮಾನದ ಸಭೆಯಿತ್ತು, ಅದಕ್ಕಿನ್ನೂ ಹೊತ್ತಿತ್ತು. “ಬಾ ಅಕ್ಕ,” ಎಂದು ಅವಳು ಅಕ್ಕನನ್ನು ಪಕ್ಕದ ಬೀದಿಯಲ್ಲಿದ್ದ ತನ್ನ ಸಂಕಲನ ಕೋಣೆಗೆ ಕರೆದೊಯ್ದಳು. ಪರದೆ ಎಳೆದಳು. ಹಳೆಯ ಹಾರ್ಡ್ ಡಿಸ್ಕ್ ಜೋಡಿಸಿ ಆ ದೃಶ್ಯ ಹಾಕಿದಳು.

ತೆರೆಯಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಾತು ಶುರುಮಾಡಿದಳು. ಕುರ್ಚಿಯಲ್ಲಿ ಕೂತ ಅಕ್ಕ ಮೊದಲು ನಕ್ಕಳು, “ಅಯ್ಯೋ, ಎಷ್ಟು ತೆಳ್ಳಗಿದ್ದೆ!” ಆಮೇಲೆ ನಗು ನಿಂತಿತು.

“ಇದನ್ನ ನಾನು ಹೇಳಿದ್ನಾ?”

“ಹೂಂ. ನಂಗೇ ಹೇಳಿದ್ದು. ಅದಕ್ಕೇ ನಾನೇ ತೆಗ್ದೆ ಅಕ್ಕ. ಆ ಗಡ್ಡ ತೆಗೀಬೇಡ ತೆಗೀಬೇಡ ಅಂತ ಜಗಳ ಆಡ್ದ.”

ಅಕ್ಕ ಕುರ್ಚಿಯನ್ನು ತೆರೆಯಿಂದ ಆಚೆ ತಿರುಗಿಸಿಕೊಂಡಳು. ಬೈದಿದ್ದರೆ ತಂಗಿಗೆ ಹಗುರವಾಗುತ್ತಿತ್ತು.

“ಸೀನ್ ತೆಗೆದ್ರೆ ಹಾಳಾಗಿಹೋಗ್ಲಿ,” ಎಂದಳು. “ಆ ಮನುಷ್ಯನ್ನ ಬಾಗಿಲಿಂದ ಓಡಿಸೋ ಹಾಗೆ ಮಾಡಿದೆಯಲ್ಲೇ ನನ್ನ ಕೈಯಿಂದ. ಅದೂ ಅಮ್ಮ ಹೋದ ಹೊತ್ತಲ್ಲಿ.”

“ಆ ಚಿತ್ರದ್ದು ಹೊಸ ಪ್ರಿಂಟ್ ಮಾಡ್ತಿದಾರೆ ಅಕ್ಕ. ಅದ್ರಲ್ಲಿ ಇದನ್ನ ವಾಪಸ್ ಸೇರಿಸ್ತೀನಿ.”

“ಬೇಡ. ಸಿನಿಮಾಕ್ಕೆ ಅಂತ ನಾನು ಹೇಳಿದ್ದಲ್ಲ ಅದು. ನಾಲ್ಕು ಜನ ಚಪ್ಪಾಳೆ ತಟ್ಟಲಿಕ್ಕಾ?” ಅಕ್ಕ ಎದ್ದಳು. “ಮೊದ್ಲು ಫೋನ್ ಮಾಡು ಅವನಿಗೆ.”

ತಂಗಿ ಮಾಡಿದಳು, ಮಾಡಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಗೋಡೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಮಾತಾಡಿದಳು. ಸಂಜೆಯ ಸಭೆಗೆ ಅವಳು ಬರಲಿಲ್ಲ. ವೇದಿಕೆಯಲ್ಲಿ ಹೂಗುಚ್ಛ ಹಿಡಿದು ನಿಂತ ಸಂಕಲನಕಾರ್ತಿಗೆ ಮುಂದಿನ ಸಾಲಿನಲ್ಲಿ ಅಕ್ಕ-ಭಾವನ ಖಾಲಿ ಕುರ್ಚಿಗಳೇ ಕಣ್ಣಿಗೆ ಹೊಡೆದವು.

ಕೆಲವು ವಾರಗಳ ನಂತರ ಭಾವ ಫೋನಿನಲ್ಲಿ, ನಿರ್ದೇಶಕರನ್ನು ಸಂಸಾರಸಮೇತ ಊಟಕ್ಕೆ ಕರೆದಿರುವುದಾಗಿ ಹೇಳಿದರು.

“ನಾನೂ ಬರ್ಲಾ ಭಾವ?”

ಭಾವ ಫೋನು ಮುಚ್ಚಿಕೊಂಡು ಯಾರನ್ನೋ ಕೇಳಿದರು. “ಬರ್ಲಿ ಅಂತೆ. ಬೆಳಿಗ್ಗೇನೇ ಬರ್ಬೇಕಂತೆ. ಕೆಲಸ ಇದೆಯಂತೆ.”

ಅವಳು ಬೆಳಿಗ್ಗೆಯೇ ಹೋದಳು. ಅಕ್ಕ ಹೇಳಿದ್ದನ್ನೆಲ್ಲ ಮಾಡಿದಳು. ಕೆಲಸದ ಮಾತು ಬಿಟ್ಟು ಇನ್ನೊಂದು ಮಾತು ಇಬ್ಬರ ನಡುವೆ ಬರಲಿಲ್ಲ. ಊಟವಾದ ಮೇಲೆ ಹಾಲಿನಲ್ಲಿ ಗಡ್ಡ ಏನೋ ತಮಾಷೆ ಹೇಳಿದ, ಅಕ್ಕ ಜೋರಾಗಿ ನಕ್ಕಳು. ಸಂಕಲನಕಾರ್ತಿ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಭಾವ ತಟ್ಟೆಗಳನ್ನು ತಂದಿಟ್ಟು, “ಸಾಕು ಬಾರಮ್ಮ, ಎಲ್ಲರೂ ಅಲ್ಲಿದಾರೆ,” ಎಂದರು.

“ನೀವು ಹೋಗಿ ಭಾವ,” ಎಂದಳು ಅವಳು. “ಇನ್ನೂ ಇದೆ ಇಲ್ಲಿ.”