ಇಪ್ಪತ್ತಾರನೆಯ ಮಗು

ಹಾಸನದ ರಿಂಗ್ ರಸ್ತೆ ಪಕ್ಕದ ಆ ಬಡಾವಣೆಗೆ ಎರಡು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು. ಹಳೆಯದರಲ್ಲಿ ಏಳು ತರಗತಿಗೆ ಇಬ್ಬರು ಶಿಕ್ಷಕರು. ವಿಜ್ಞಾನಕ್ಕೆ ಯಾರೂ ಇಲ್ಲ. ರಸ್ತೆಯಾಚೆಯದರಲ್ಲಿ ಒಂಬತ್ತು ಮಂದಿ, ಆರನೆಯದರಿಂದ ಇಂಗ್ಲಿಷ್ ಮಾಧ್ಯಮ, ಬೀಗ ಹಾಕದ ಶೌಚಾಲಯ. ಧನಲಕ್ಷ್ಮಿ ಎರಡು ಸಲ ಹೋಗಿ ಇವನ್ನೆಲ್ಲ ನೋಡಿ ಬಂದಳು. ಮಗಳು ಶೋಭಿತಾ ಐದನೆಯದನ್ನು ಮುಗಿಸಿದ್ದಳು.

ಹಳೆಯ ಶಾಲೆಯ ಬಿಸಿಯೂಟಕ್ಕೆ ಧನಲಕ್ಷ್ಮಿಯೇ ಮುಖ್ಯ ಅಡುಗೆಯವಳು. ಸಹಾಯಕ್ಕೆ ಹೊನ್ನಕ್ಕ, ಐವತ್ತೇಳು ವರ್ಷ, ಗಂಡ ತೀರಿಕೊಂಡಿದ್ದ. ಶೋಭಿತಾ ಕೂಸಾಗಿದ್ದಾಗ ಅವಳನ್ನು ಅಡುಗೆಕೋಣೆಯ ಬಾಗಿಲಲ್ಲಿ ಮಡಿಲಿಗೆ ಹಾಕಿಕೊಂಡೇ ಹೊನ್ನಕ್ಕ ತರಕಾರಿ ಹೆಚ್ಚುತ್ತಿದ್ದಳು.

ಧನಲಕ್ಷ್ಮಿ ಮಗಳ ಟಿ.ಸಿ. ಕೇಳಿದ ದಿನ ಹಳೆಯ ಶಾಲೆಯ ಮುಖ್ಯ ಶಿಕ್ಷಕ ಮಂಜುನಾಥ ತೆರೆದ ಪೆನ್ನನ್ನು ಮತ್ತೆ ಮುಚ್ಚಿದರು.

"ದಾಖಲಾತಿ ಎಷ್ಟಮ್ಮ?"

"ಇಪ್ಪತ್ತಾರು ಸಾ."

"ನಿನ್ನ ಮಗಳನ್ನ ತೆಗೆದ್ರೆ?"

ಇಪ್ಪತ್ತೈದು ಮಕ್ಕಳವರೆಗೆ ಅಡುಗೆಗೆ ಒಬ್ಬರೇ, ಇಪ್ಪತ್ತಾರಾದರೆ ಇಬ್ಬರು. ಈ ನಿಯಮ ಧನಲಕ್ಷ್ಮಿಗೆ ಗೊತ್ತಿತ್ತು. ದಿನವೂ ತಲೆ ಎಣಿಸಿ ಅಕ್ಕಿ ಅಳೆಯುವವಳು ಆ ತಲೆಗಳಲ್ಲಿ ಒಂದು ತನ್ನ ಮಗಳದೆಂದು ಯೋಚಿಸಿರಲಿಲ್ಲ. ಮುಖ್ಯ ಅಡುಗೆಯವಳು ಉಳಿಯುತ್ತಾಳೆ. ಹೋಗುವವಳು ಹೊನ್ನಕ್ಕ.

"ತಿಂಗಳ ಕೊನೆಯೊಳಗೆ ಇನ್ನೊಂದು ಮಗು ಸೇರಿದ್ರೆ ಬಚಾವ್," ಎಂದರು ಮಂಜುನಾಥ.

ಧನಲಕ್ಷ್ಮಿ, ಹೊನ್ನಕ್ಕ ಇಬ್ಬರೂ ಮೂರು ಸಂಜೆ ಮನೆಮನೆ ತಿರುಗಿದರು. ಬಹುತೇಕ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತುವವರು. ಒಂದು ಮನೆಯ ಹೆಂಗಸು ಮಾರಮ್ಮ ಹೊಸಿಲ ಮೇಲೆ ನಿಂತೇ ಕೇಳಿದಳು:

"ಅಲ್ಲಾ ಕಣಮ್ಮಿ, ನೀನು ನಿನ್ ಮಗ್ಳನ್ನ ಅಲ್ಲಿಂದ ಬುಡುಸ್ತಾ ಇದ್ದೀಯಂತೆ. ನಮ್ ಮಗೀನ ತಂದು ಆಕು ಅಂತೀಯಲ್ಲ, ನಿಂಗೆ ನಾಚ್ಕೆ ಆಗಾಕಿಲ್ವಾ?"

ಧನಲಕ್ಷ್ಮಿ ಹೊನ್ನಕ್ಕನನ್ನು ಕರೆದುಕೊಂಡು ಅಲ್ಲಿಂದ ಹೊರಟಳು. ಬೀದಿಯ ಕೊನೆಗೆ ಬಂದಾಗ ಹೇಳಿದಳು: "ಬ್ಯಾಡ ಕಣಕ್ಕ. ಶೋಭಿ ಇಲ್ಲೇ ಓದ್ಲಿ."

"ನಿಂಗೇನ್ ತಲೆ ಕೆಟ್ಟಿದ್ಯಾ? ನನ್ ಸೌಟಿಗೋಸ್ಕರ ಮಗೀನ ದಡ್ಡಿ ಮಾಡ್ತೀಯಾ?" ಹೊನ್ನಕ್ಕ ನಗಲು ನೋಡಿದಳು. "ಇನ್ ಮೂರೊರ್ಸಕ್ಕೆ ಅವರೇ ಮನೆಗೋಗು ಅಂತಿದ್ರು. ಈಗ್ಲೇ ಓಯ್ತೀನಿ. ನಾಳೆ ಟಿ.ಸಿ. ಇಸ್ಕೊ."

ಮರುದಿನ ಧನಲಕ್ಷ್ಮಿ ಟಿ.ಸಿ. ಇಸಿದುಕೊಂಡಳು.

ಜುಲೈಯಿಂದ ಹೊನ್ನಕ್ಕ ಕಟ್ಟಾಯದ ಕಡೆ ಶುಂಠಿ ಹೊಲಕ್ಕೆ ಕಳೆ ಕೀಳಲು ಹೋಗತೊಡಗಿದಳು. ಆಳುಗಳ ಟೆಂಪೊ ಬೆಳಿಗ್ಗೆ ಏಳಕ್ಕೆ ಬರುತ್ತಿತ್ತು. ಧನಲಕ್ಷ್ಮಿಗೆ ಅವಳು ಮತ್ತೆ ಎದುರಾದದ್ದು ಆಗಸ್ಟ್‌ನಲ್ಲಿ, ಟೆಂಪೊ ನಿಲ್ಲುವ ಜಾಗದಲ್ಲಿ. ಹೊನ್ನಕ್ಕ ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಎಂಗವ್ಳೆ ನಮ್ ಶೋಭಿ? ಇಂಗ್ಲಿಸ್ ಮಾತಾಡ್ತಾಳಾ?"

ಶೋಭಿತಾ ಎರಡು ತಿಂಗಳಿಂದ ಹಿಂದಿನ ಬೆಂಚಿನಲ್ಲಿದ್ದಳು. ವಿಜ್ಞಾನದ ಟೀಚರು ಇಂಗ್ಲಿಷಿನಲ್ಲಿ ಹೇಳುವುದು ಒಂದೂ ತಿಳಿಯುವುದಿಲ್ಲ, ಹಳೆಯ ಶಾಲೆಗೇ ಹಾಕು ಎಂದು ಹಿಂದಿನ ರಾತ್ರಿಯೂ ಅತ್ತಿದ್ದಳು. ಸಹಾಯಕಿಯ ಹುದ್ದೆ ಆಗಲೇ ರದ್ದಾಗಿತ್ತು. ಮಗಳು ಹಿಂದಿರುಗಿದರೂ ಈ ವರ್ಷ ಅದು ವಾಪಸು ಬರುವುದಿಲ್ಲ ಎಂದು ಮಂಜುನಾಥ ತಿಳಿಸಿದ್ದರು.

"ಮಾತಾಡ್ತಾಳೆ ಕಣಕ್ಕ," ಎಂದಳು ಧನಲಕ್ಷ್ಮಿ. "ಚೆನ್ನಾಗ್ ಓದ್ತಾವ್ಳೆ."

"ನಾನೇಳ್ನಿಲ್ವಾ?" ಎನ್ನುತ್ತ ಹೊನ್ನಕ್ಕ ಪಕ್ಕದ ಹೆಂಗಸಿನ ಭುಜ ಹಿಡಿದು ಟೆಂಪೊ ಹತ್ತಿದಳು.