ಭಾನುವಾರದ ಅಣ್ಣ

ಲಕ್ಷ್ಮೀಪುರಂನ ಆ ಲೇಡೀಸ್ ಹಾಸ್ಟೆಲ್‌ಗೆ ಭಾನುವಾರ ನಾಲ್ಕರಿಂದ ಐದರವರೆಗೆ ಅಪ್ಪ, ಅಣ್ಣ ತಮ್ಮಂದಿರು ಮಾತ್ರ ಬರಬಹುದಿತ್ತು. ಅದೂ ಸೇರುವಾಗ ತುಂಬಿದ ಫಾರಂನಲ್ಲಿ ಹೆಸರಿದ್ದರೆ. ವಾರ್ಡನ್ ಚೆಲುವಮ್ಮನ ಕಣ್ಣು ತಪ್ಪಿಸಿ ಒಂದು ನೊಣವೂ ಒಳಗೆ ಬರುವಂತಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವಳು ಅದೇ ಸಂಜೆ ಗಂಟುಮೂಟೆ ಕಟ್ಟಬೇಕು. ಹಾಸ್ಟೆಲ್ ಹೋದರೆ ಪ್ರೇಮಲೀಲಾಳ ಎಂ.ಎಸ್ಸಿ.ಯೂ ಹೋದ ಹಾಗೆಯೇ. ಮಗಳನ್ನು ಹೊರಗೆ ರೂಮು ಮಾಡಿ ಇರಿಸಲು ಅಪ್ಪ ಶಿವರುದ್ರಪ್ಪ ಸುತರಾಂ ಒಪ್ಪುವವರಲ್ಲ.

ಆದರೂ ಚೈತನ್ಯ ಪ್ರತಿ ಭಾನುವಾರ ಬರುತ್ತಿದ್ದ. ಬಸ್ಸಿನಲ್ಲಿ ಪರಿಚಯವಾದವನು, ಲಾ ಓದುತ್ತಿದ್ದ ಗೌಡರ ಮನೆಯ ಹುಡುಗ. ಗೇಟಿನ ಹೊರಗೆ ನಿಂತು ಹಣೆಗೆ ವಿಭೂತಿ ಬಳಿದುಕೊಂಡು, ಒಳಗೆ ಬಂದು ಭೇಟಿಗೆ ಬಂದವರ ಪುಸ್ತಕದಲ್ಲಿ 'ಮೃತ್ಯುಂಜಯ, ಅಣ್ಣ' ಎಂದು ಬರೆಯುತ್ತಿದ್ದ. ಮೃತ್ಯುಂಜಯ ನಿಜವಾಗಿಯೂ ಪ್ರೇಮಲೀಲಾಳ ಅಣ್ಣನೇ. ಅವಳು ಹಾಸ್ಟೆಲ್ ಸೇರುವ ಹದಿನೈದು ದಿನ ಮುಂಚೆ ಕಾಮಾಲೆಯಾಗಿ ತೀರಿಕೊಂಡಿದ್ದ. ಫಾರಂನಲ್ಲಿ ಸಹೋದರರು ಎಂದಿದ್ದ ಕಡೆ 'ಇಲ್ಲ' ಎಂದು ಬರೆಯಲು ಅಪ್ಪನಿಗೆ ಕೈ ಬರಲಿಲ್ಲ. ಹೆಸರು ಬರೆದುಬಿಟ್ಟಿದ್ದರು. ಅಪ್ಪನ ಆ ಸಂಕಟವನ್ನೇ ಮಗಳು ತನ್ನ ಪ್ರೀತಿಗೆ ಬಳಸಿಕೊಂಡಳು. ಪ್ರೀತಿಗೆ ಕಣ್ಣಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾಚಿಕೆಯೂ ಇಲ್ಲ ಎಂದು ಯಾರೂ ಹೇಳುವುದಿಲ್ಲ.

1998ರ ಚಳಿಗಾಲದಲ್ಲಿ ಒಂದು ಶುಕ್ರವಾರ ಶಿವರುದ್ರಪ್ಪ ಹಾಸ್ಟೆಲ್ ಫೀಸು ಕಟ್ಟಲೆಂದು ಹೇಳದೆ ಕೇಳದೆ ಬಂದರು.

"ಬನ್ನಿ ಸ್ವಾಮಿ," ಚೆಲುವಮ್ಮ ಪುಸ್ತಕ ತೆರೆದಿಟ್ಟರು. "ನಿಮ್ಮ ಮಗ ಒಂದು ಭಾನುವಾರನೂ ತಪ್ಪಿಸಲ್ಲ ಕಣ್ರೀ. ವಿಭೂತಿ ಇಟ್ಕೊಂಡು ಎಷ್ಟು ಲಕ್ಷಣವಾಗಿ ಬರ್ತಾರೆ!"

ಪ್ರೇಮಲೀಲಾ ಪಕ್ಕದಲ್ಲೇ ನಿಂತಿದ್ದಳು. ಅಪ್ಪ ಒಂದೊಂದೇ ಹಾಳೆ ತಿರುವಿ, ಸತ್ತ ಮಗನ ಹೆಸರಿನ ಮೇಲೆ ಬೆರಳಾಡಿಸುತ್ತಾ ಹೋದರು. ಅವರು ಬಾಯಿ ಬಿಟ್ಟರೆ ಅವಳ ಓದು ಅಲ್ಲಿಗೆ ಮುಗಿಯಿತು.

"ಹೌದಮ್ಮ, ನಮ್ಮ ಹುಡುಗನೇ. ಆ ಫಾರಂ ಕೊಡಿ ಇಲ್ಲಿ. ಇನ್ಮೇಲೆ ಅವನು ಬರಲ್ಲ."

"ಯಾಕೆ, ಕೆಲಸ ಸಿಕ್ತಾ?"

"ಹೂಂ. ದೂರ."

ಅಂದು ಬಾರದ ಕೈ ಇಂದು ಹೆಸರಿನ ಮೇಲೆ ಗೆರೆ ಎಳೆಯಿತು. ಎರಡು ಸಲ ಎಳೆಯಬೇಕಾಯಿತು, ಮೊದಲನೆಯದು ವಕ್ರವಾಗಿತ್ತು.

ಅಪ್ಪ ಮಗಳನ್ನು ಗೇಟಿನವರೆಗೂ ಕರೆದುಕೊಂಡು ಹೋದರು. ಅಲ್ಲಿ ನಿಂತು, "ಅವನ್ಯಾರು ಅಂತ ನಾನು ಕೇಳಲ್ಲ ಕಣಮ್ಮ," ಎಂದರು. "ನಿಮ್ಮವ್ವ ದಿನಾ ಆ ಫೋಟೋಗೆ ಹೂವು ಮುಡಿಸ್ತಾಳೆ. ಇದು ಅವಳ ಕಿವಿಗೆ ಬೀಳೋದು ಬೇಡ. ಓದ್ಕೋ, ಹೋಗು."

ಎರಡು ಏಟು ಹಾಕಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಚೈತನ್ಯ ಬಂದ. ಹೆಸರು ಹೊಡೆದುಹಾಕಿದೆ ಎಂದು ವಾಚ್‌ಮನ್ ತಲೆಯಾಡಿಸಿದ್ದು ಮಹಡಿಯ ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು. ಅವನು ತಲೆಯೆತ್ತಿ ನೋಡಿದ. ಅವಳು ಇಳಿದು ಹೋಗಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತಿದ್ದು, ಜೇಬಿನಿಂದ ಕರ್ಚೀಫು ತೆಗೆದು ಹಣೆಯ ವಿಭೂತಿ ಒರೆಸಿಕೊಂಡು ಹೊರಟುಹೋದ.

ಅಣ್ಣ ಸತ್ತಾಗ ಅವ್ವನನ್ನು ಹಿಡಿದುಕೊಳ್ಳುವುದರಲ್ಲೇ ಅವಳಿಗೆ ಅಳಲು ಪುರಸೊತ್ತಾಗಿರಲಿಲ್ಲ. ಈಗ ಅಳು ಕಿತ್ತುಕೊಂಡು ಬಂತು. ರೂಂಮೇಟ್ ಓಡಿ ಬಂದಳು.

"ಏನಾಯ್ತೇ ಲೀಲಾ?"

"ನಮ್ಮಣ್ಣ ಸತ್ತೋದ ಕಣೇ."